ಎಸ್.ಪಿ. ರಸ್ತೆಯಲ್ಲಿ ಮನೆ ಟಾಕೀಸಿನ ಸಾಮಾನು

ಬೆಂಗಳೂರಿನ ಪುರಭವನದಿಂದ ಕೂಗಳತೆ ದೂರದಲ್ಲಿರುವ ಸದರ್ ಪತ್ರಪ್ಪ ರಸ್ತೆಯನ್ನು ಆ ಪೂರ್ತಿ ಹೆಸರು ಹೇಳಿ ವಿಚಾರಿಸಿದರೆ ಆಟೋದವರು ಕ್ಷಣಕಾಲ ಯೋಚಿಸುತ್ತಾರೆ. ಎಸ್.ಪಿ. ರೋಡು ಎಂದರೆ ಸಾಕು, ಗಾಡಿ ತಿರುಗುತ್ತದೆ; ಆದರೆ ಒಳಗೆ ಬರಲು ಒಪ್ಪುವುದಿಲ್ಲ. ಅದು ಅವರ ತಪ್ಪಲ್ಲ. ಬೆಳಿಗ್ಗೆ ಹತ್ತೂವರೆಗೆ ಅರ್ಧ ಎದ್ದ ಷಟರುಗಳ ಕೆಳಗೆ ಊದುಬತ್ತಿಯ ಹೊಗೆಯಾಡುತ್ತಿದ್ದ ರಸ್ತೆ, ಹನ್ನೊಂದೂವರೆ ಹೊತ್ತಿಗೆ ಕಾಲಿಡಲು ಜಾಗವಿಲ್ಲದಂತೆ ತುಂಬಿಕೊಳ್ಳುತ್ತದೆ. ತಲೆಯ ಮೇಲೆ ಮಾನಿಟರ್ ಪೆಟ್ಟಿಗೆ ಹೊತ್ತವರು, ಕೈಗಾಡಿ ತಳ್ಳುವವರು, ಪ್ರಾಜೆಕ್ಟಿಗೆಂದು ಬಿಡಿಭಾಗ ಹುಡುಕುವ ಎಂಜಿನಿಯರಿಂಗ್ ಹುಡುಗರು, ಇವರೆಲ್ಲರ ನಡುವೆ ಹಾರನ್ ಒತ್ತುತ್ತಾ ನುಸುಳುವ ಸ್ಕೂಟರು. ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಬೆಲೆ, ತಮಿಳಿನಲ್ಲಿ ಚೌಕಾಸಿ, ಉರ್ದುವಿನಲ್ಲಿ ಗೋದಾಮಿಗೆ ಫೋನು. ಭಾನುವಾರ ಬಹುತೇಕ ಅಂಗಡಿಗಳಿಗೆ ರಜೆ. ಗೊತ್ತಿಲ್ಲದೆ ಪರವೂರಿನಿಂದ ಅಂದೇ ಬಂದವರು ಬೀಗ ಹಾಕಿದ ಬಾಗಿಲುಗಳನ್ನು ನೋಡಿಕೊಂಡು ಹಿಂದಿರುಗಬೇಕಾಗುತ್ತದೆ.

ಈ ಭಾಗಕ್ಕೂ ಸಿನಿಮಾಕ್ಕೂ ಹಳೆಯ ನಂಟು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್‌ನಲ್ಲಿ ತೆರೆ ಕಂಡದ್ದು ಇಲ್ಲಿಂದ ಹೆಚ್ಚು ದೂರವಿಲ್ಲದ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಟಾಕೀಸಿನಲ್ಲಿ. ಆಮೇಲೆ ಸಿನಿಮಾ ಕೆಂಪೇಗೌಡ ರಸ್ತೆಗೆ ಹೋಯಿತು. ಆ ಸುತ್ತಮುತ್ತಲಿನ ಸಾಗರ್, ಹಳೆಯ ಕಪಾಲಿಗಳೂ ಈಗಿಲ್ಲ. ಸಿನಿಮಾ ಮನೆಯ ಗೋಡೆಗೇ ಬಂದು ನಿಂತಿದೆ. ಆ ಗೋಡೆಯ ಟೀವಿಯ ಹಿಂದೆ ಇಡುವ ಪುಟ್ಟ ಕಂಪ್ಯೂಟರಿನ ಸಾಮಾನು ಹುಡುಕಿಕೊಂಡು ಬರುವವರು ಎಸ್.ಪಿ. ರಸ್ತೆಯ ಗಿರಾಕಿಗಳಲ್ಲಿ ಒಂದು ಬೇರೆಯೇ ಜಾತಿ. ಆಟವಾಡುವ ಹುಡುಗರ ಹಾಗೆ ಇವರಿಗೆ ವೇಗದ ಹುಚ್ಚಿಲ್ಲ, ಕಚೇರಿಯವರ ಹಾಗೆ ಲೆಕ್ಕ ಬರೆಸುವ ಕಂಪೆನಿಯೂ ಇಲ್ಲ. ಕೈಯಲ್ಲಿ ಇಷ್ಟೇ ದುಡ್ಡು, ಮನೆಯಲ್ಲಿ ಒಂದು ರಾಶಿ ಸೀಡಿ.

ತಿಪಟೂರು ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಅಂಥವರು. ಮಂಡಿನೋವಿನಿಂದ ಹೆಂಡತಿ ಥಿಯೇಟರಿನ ಮೆಟ್ಟಿಲು ಹತ್ತಿ ವರ್ಷಗಳಾದವು. ಮಗ ಕೊಡಿಸಿದ 43 ಅಂಗುಲದ ಟೀವಿ ಮನೆಯಲ್ಲಿದೆ. ಬಟ್ಟೆ ಚೀಲದಲ್ಲಿ ಅವರು ತಂದದ್ದು ಮಗಳ ಮದುವೆಯ ಮೂರು ವಿಸಿಡಿಗಳು ಮತ್ತು ಮಾದರಿಗೆಂದು ಒಂದೆರಡು ಸಿನಿಮಾ ಡಿವಿಡಿ. ಮೋಸರ್ ಬೇರ್ ಕಂಪೆನಿ 2007ರ ಸುಮಾರಿಗೆ ವಿಸಿಡಿಗೆ 28, ಡಿವಿಡಿಗೆ 34 ರೂಪಾಯಿಯಂತೆ ಮಾರುತ್ತಿದ್ದ ಕಾಲದಲ್ಲಿ ಕೊಂಡದ್ದೇ ನೂರಕ್ಕೂ ಹೆಚ್ಚಿವೆಯಂತೆ. ಸಿನಿಮಾಗಳು ಹೋದರೆ ಹೋಗಲಿ, ಎಲ್ಲಾದರೂ ಸಿಕ್ಕಾವು. ಮದುವೆಯ ವಿಸಿಡಿ ಸಿಗುವುದಿಲ್ಲ. ಅದರಲ್ಲಿ ಓಡಾಡುವ ಆರೇಳು ಮಂದಿ ಈಗಿಲ್ಲ. ಮನೆಯಲ್ಲಿ ಬರೆದ ಸೀಡಿಯ ಬಣ್ಣದ ಪದರ ಕಾಲ ಕಳೆದಂತೆ ಮಾಸಿ ಓದಲು ಬಾರದಂತಾಗುತ್ತದೆ. ಮೂರರಲ್ಲಿ ಒಂದು ಆಗಲೇ ತಡವರಿಸುತ್ತಿತ್ತು.

ಜೊತೆಗಿದ್ದವನು ತಂಗಿಯ ಮಗ, ಎಂಜಿನಿಯರಿಂಗ್ ವಿದ್ಯಾರ್ಥಿ. ಬಜೆಟ್ಟು 20 ಸಾವಿರ ರೂಪಾಯಿ. ನೆಲಮಟ್ಟದ ಮೊದಲ ಅಂಗಡಿಯಲ್ಲಿ ಬರೆದುಕೊಟ್ಟ ಕೊಟೇಷನ್ನು ಅದರ ಎರಡು ಪಟ್ಟು ದಾಟಿತ್ತು.

‘ಫೋರ್ ಕೆ ಟೀವಿ ಅಂದ್ರಲ್ಲ ಸಾರ್. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಹೆಂಗೆ ಓಡುತ್ತೆ?’ ಎಂದು ಅಂಗಡಿಯ ಹುಡುಗ ಕೇಳಿದ. ಮೇಷ್ಟ್ರು ಅಳಿಯನ ಮುಖ ನೋಡಿದರು. ಅಳಿಯ ಕೊಟೇಷನ್ನು ಮಡಚಿ ಜೇಬಿಗಿಟ್ಟುಕೊಂಡು, ‘ಮಾವ, ಇನ್ನೊಂದೆರಡು ಕಡೆ ನೋಡೋಣ ಬನ್ನಿ’ ಎಂದ.

ಈ ಬೀದಿಯಲ್ಲಿ ಅತಿ ಹೆಚ್ಚು ದುಡ್ಡು ಪೋಲಾಗುವುದು ಈ ಒಂದು ಪ್ರಶ್ನೆಯಲ್ಲೇ. ಸಿನಿಮಾ ತೋರಿಸುವುದು ಕಂಪ್ಯೂಟರಿಗೆ ಆಟ ಆಡಿಸುವಷ್ಟು ಕಷ್ಟದ ಕೆಲಸವಲ್ಲ. ಸಿನಿಮಾದ ಫೈಲು ಹಿಂಡಿ ಮಡಚಿಟ್ಟ ಬಟ್ಟೆಯ ಹಾಗೆ. ಅದನ್ನು ಬಿಡಿಸಿ ಚಿತ್ರ ಮಾಡಬೇಕು. ಹಾಗೆ ಬಿಡಿಸುವುದಕ್ಕೆಂದೇ ಇಂದಿನ ಹೆಚ್ಚಿನ ಪ್ರೊಸೆಸರುಗಳೊಳಗೆ ಅಡಗಿರುವ ಗ್ರಾಫಿಕ್ಸ್ ಚಿಪ್ಪಿನ ಒಂದು ಮೂಲೆ ಮೀಸಲಾಗಿರುತ್ತದೆ. ಆ ಮೂಲೆಗೆ ಫೈಲಿನ ಭಾಷೆ ಗೊತ್ತಿದ್ದರೆ ಪ್ರೊಸೆಸರು ನಿದ್ದೆ ಹೊಡೆಯುತ್ತಿದ್ದರೂ ಚಿತ್ರ ಸರಾಗವಾಗಿ ಓಡುತ್ತದೆ. ಗೊತ್ತಿಲ್ಲದಿದ್ದರೆ ದೊಡ್ಡ ಪ್ರೊಸೆಸರೂ ಬೆವರುತ್ತದೆ, ಫ್ಯಾನು ಬೊಬ್ಬೆ ಹಾಕುತ್ತದೆ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದದ್ದು ‘ಎಷ್ಟು ವೇಗ’ ಎಂದಲ್ಲ, ‘ಯಾವ ತಲೆಮಾರು’ ಎಂದು.

ಇಂಟೆಲ್ ಚಿಪ್ಪುಗಳನ್ನೇ ತೆಗೆದುಕೊಳ್ಳಿ. 4ಕೆ ಸಿನಿಮಾಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಹತ್ತು ಬಿಟ್ಟಿನ ಎಚ್‌ಇವಿಸಿ ಎಂಬ ಭಾಷೆ ಏಳನೇ ತಲೆಮಾರಿನಿಂದ ಈಚಿನವಕ್ಕೆ ಚೆನ್ನಾಗಿ ಬರುತ್ತದೆ. ಯೂಟ್ಯೂಬಿನಲ್ಲಿ ಹೆಚ್ಚುತ್ತಿರುವ ಎವಿ1 ಎಂಬ ಹೊಸ ಭಾಷೆ ಹನ್ನೊಂದನೆಯ ತಲೆಮಾರಿನಿಂದ ಈಚೆಗೆ ಮಾತ್ರ. 2023ರಲ್ಲಿ ಬಂದ ಎನ್100 ಎಂಬ ಅಗ್ಗದ ಪುಟ್ಟ ಪ್ರೊಸೆಸರಿಗೆ ಅದೂ ಗೊತ್ತು. ಮೇಷ್ಟ್ರ ಮದುವೆ ವಿಸಿಡಿಯದೋ 1990ರ ದಶಕದ ಎಂಪೆಗ್-1. ಅದನ್ನು ಓದಲಾರದ ಕಂಪ್ಯೂಟರನ್ನು ಎಸ್.ಪಿ. ರಸ್ತೆಯ ತೂಕದ ಗುಜರಿಯಲ್ಲೂ ಹುಡುಕುವುದು ಕಷ್ಟ.

ಇಷ್ಟು ತಿಳಿದವರು ನೆಲಮಟ್ಟದ ಹೊಳೆಯುವ ಅಂಗಡಿಗಳನ್ನು ಬಿಟ್ಟು ಮೆಟ್ಟಿಲು ಹತ್ತುತ್ತಾರೆ. ಕಡಿದಾದ, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಮೆಟ್ಟಿಲುಗಳು. ಮೇಲೆ ಕಚೇರಿಗಳು ಕೈಬಿಟ್ಟ ಕಂಪ್ಯೂಟರುಗಳ ರಾಶಿ. ಅವುಗಳಲ್ಲಿ ದಪ್ಪ ಪುಸ್ತಕದಷ್ಟೇ ಗಾತ್ರದವು ಇರುತ್ತವೆ: ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ. ಕಂಪೆನಿಗಳು ನಾಲ್ಕೈದು ವರ್ಷ ಬಳಸಿ ಒಟ್ಟಿಗೆ ಮಾರಿಬಿಡುವ ಈ ಪುಟಾಣಿಗಳು ಮನೆ ಟಾಕೀಸಿಗೆ ಹೇಳಿ ಮಾಡಿಸಿದಂತಿವೆ. ಟೀವಿಯ ಹಿಂದೆ ಅಡಗಿಸಿಡಬಹುದು, ಸದ್ದು ಕಡಿಮೆ, ವಿದ್ಯುತ್ ಖರ್ಚೂ ಕಡಿಮೆ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರಿನಲ್ಲಿ ನಿಂತಿತು. ವಿಂಡೋಸ್ 11 ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಲಿನಕ್ಸ್ ಹಾಕಿಕೊಳ್ಳಲು ಹೆದರದವರಿಗೆ ಏಳನೆಯದೂ ನಡೆಯುತ್ತದೆ; ಉಳಿದವರಿಗೆ ಎಂಟು ಕ್ಷೇಮ.

ಇನ್ನೊಂದು ಕಾರಣಕ್ಕೂ ಹಳೆಯ ಇಡೀ ಪೆಟ್ಟಿಗೆ ಈಗ ಲಾಭ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೆಂದು ಮೆಮೊರಿ ಚಿಪ್ಪುಗಳಿಗೆ ಜಗತ್ತಿನಾದ್ಯಂತ ಬೇಡಿಕೆ ಏರಿ, ರ‍್ಯಾಮ್ ಬೆಲೆ ಗಗನಕ್ಕೆ ಹೋಯಿತು. ಬಿಡಿಬಿಡಿಯಾಗಿ ಕೊಂಡು ಜೋಡಿಸುವವರ ಲೆಕ್ಕ ತಲೆಕೆಳಗಾಯಿತು. ಹಳೆಯ ಪೆಟ್ಟಿಗೆಯಲ್ಲಿ ಎಂಟು ಜಿಬಿ ರ‍್ಯಾಮ್ ಮೊದಲೇ ಕೂತಿರುತ್ತದೆ, ಸಿನಿಮಾ ನೋಡಲು ಅದು ಧಾರಾಳ.

ಎರಡನೆಯ ಮಹಡಿಯ ಅಂಗಡಿಯವರು ನಡುವಯಸ್ಸಿನವರು. ಬೈ-ಟು ಕಾಫಿ ತರಿಸಿ ಮೇಷ್ಟ್ರನ್ನು ಸ್ಟೂಲಿನ ಮೇಲೆ ಕೂರಿಸಿದರು. ಐ5, ಎಂಟನೇ ತಲೆಮಾರು, 256 ಜಿಬಿ ಎಸ್‌ಎಸ್‌ಡಿ, 12 ಸಾವಿರ. ‘ಗ್ರಾಫಿಕ್ಸ್ ಕಾರ್ಡ್ ಬೇಡವಾ?’ ಎಂದು ಮೇಷ್ಟ್ರೇ ಕೇಳಿದರು.

‘ಯಾಕೆ ಸಾರ್, ಮನೇಲಿ ಗೇಮ್ ಆಡ್ತೀರಾ?’

‘ಚೌಕಾಬಾರ ಆಡ್ತೀವಿ’ ಎಂದರು ಮೇಷ್ಟ್ರು.

ಟೀವಿಗೆ ಜೋಡಿಸುವ ತಂತಿಯ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಆ ಕಾಲದ ಇಂಟೆಲ್ ಚಿಪ್ಪಿನ ಎಚ್‌ಡಿಎಂಐ ಹಳೆಯ 1.4ರ ಮಟ್ಟದ್ದು. ಅದರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬರುತ್ತದೆ, ಪರದೆಯ ಮೇಲೆ ಮೌಸಿನ ಬಾಣ ಕುಂಟುತ್ತದೆ. ಪಕ್ಕದಲ್ಲಿರುವ ಡಿಸ್‌ಪ್ಲೇ ಪೋರ್ಟಿಗೆ ‘ಆ್ಯಕ್ಟಿವ್’ ಎಂದು ಕೇಳಿ ಪಡೆದ ಪರಿವರ್ತಕ ಹಾಕಿದರೆ 60 ಸಲ ಬರುತ್ತದೆ. ಸುಮ್ಮನೆ ‘ಕನ್ವರ್ಟರ್ ಕೊಡಿ’ ಎಂದರೆ ಸಿಗುವ ಅಗ್ಗದ ತುಂಡು ಅದೇ 30ರಲ್ಲಿ ನಿಂತುಬಿಡುತ್ತದೆ. ಅಳಿಯ ಇದನ್ನು ಓದಿಕೊಂಡೇ ಬಂದಿದ್ದ. 800 ರೂಪಾಯಿಗೆ ಸರಿಯಾದದ್ದನ್ನು ಆರಿಸಿದ.

ಆ ಮೇಲೆ ದುಡ್ಡು ಬೇಡದ ಒಂದು ಕೆಲಸ ಉಳಿಯುತ್ತದೆ, ಅದನ್ನೇ ಬಹಳ ಮಂದಿ ಮಾಡುವುದಿಲ್ಲ. ಥಿಯೇಟರಿನ ಸಿನಿಮಾ ಸೆಕೆಂಡಿಗೆ 24 ಚಿತ್ರ. ನಮ್ಮ ದೇಶದ ಪಿಎಎಲ್ ಪದ್ಧತಿಯ ಡಿವಿಡಿ, ವಿಸಿಡಿಗಳು 25. ಟೀವಿಯನ್ನು 60ರಲ್ಲೇ ಬಿಟ್ಟರೆ 25 ಅದಕ್ಕೆ ಸಮನಾಗಿ ಹಂಚಿಕೆಯಾಗದೆ, ಕ್ಯಾಮೆರಾ ಬದಿಗೆ ತಿರುಗಿದಾಗಲೆಲ್ಲ ಚಿತ್ರ ಎತ್ತಿನಗಾಡಿಯಲ್ಲಿ ಕೂತಂತೆ ಜಗ್ಗುತ್ತದೆ. ಕೋಡಿ ಎಂಬ ಉಚಿತ ತಂತ್ರಾಂಶದಲ್ಲಿ ಚಿತ್ರಕ್ಕೆ ತಕ್ಕಂತೆ ಟೀವಿಯ ವೇಗವನ್ನು ಬದಲಿಸುವ ಸೌಲಭ್ಯವಿದೆ. ಅದನ್ನು ಒಮ್ಮೆ ಆನ್ ಮಾಡಿಟ್ಟರೆ ಸಾಕು.

ಹೊಸದಾಗಿಯೇ ಜೋಡಿಸಬೇಕೆಂದು ಹಟ ಹಿಡಿದವರೂ ಇದ್ದಾರೆ. ಅವರು ಮುಖ್ಯವಾಗಿ ನೋಡಬೇಕಾದದ್ದು ಎಸ್‌ಎಂಪಿಎಸ್ ಎಂಬ ಕರೆಂಟಿನ ಪೆಟ್ಟಿಗೆ. ಕ್ಯಾಬಿನೆಟ್ಟಿನ ಜೊತೆಗೇ ಪುಕ್ಕಟೆಯೆಂಬಂತೆ ಬರುವ 450 ವಾಟ್ ಎಂದು ಬರೆದ ಹಗುರ ಪೆಟ್ಟಿಗೆ ಆ 450ನ್ನು ಕೊಡುತ್ತದೆಂಬ ಭರವಸೆಯಿಲ್ಲ. ಅದು ಸುಡುವಾಗ ಒಂಟಿಯಾಗಿ ಸುಡುವುದಿಲ್ಲ, ಮದರ್‌ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಕರೆಂಟು ಏರಿಳಿಯುವ ಊರುಗಳಲ್ಲಂತೂ ಬೇರೆಲ್ಲದರಲ್ಲಿ ಉಳಿಸಿ ಇಲ್ಲಿ ಖರ್ಚು ಮಾಡಬೇಕು. ಬಣ್ಣಬಣ್ಣದ ದೀಪ ಹತ್ತುವ ಗಾಜಿನ ಕ್ಯಾಬಿನೆಟ್ಟು ಕತ್ತಲಲ್ಲಿ ಸಿನಿಮಾ ನೋಡುವವರಿಗೆ ಏತಕ್ಕೆಂಬುದು ಅದನ್ನು ಮಾರುವವರಿಗೇ ಗೊತ್ತು.

ಯಾರಿಗೆ ಈ ಯಾವುದೂ ಬೇಡ ಎಂಬುದನ್ನೂ ಹೇಳಿಬಿಡಬೇಕು. ಚಂದಾ ಕಟ್ಟಿ ನೆಟ್‌ಫ್ಲಿಕ್ಸ್, ಪ್ರೈಮ್ ನೋಡುವುದಷ್ಟೇ ಆಸೆಯಾದರೆ ಟೀವಿಯ ಹಿಂದೆ ಸಿಕ್ಕಿಸುವ ಸ್ಟಿಕ್ಕು ಸಾಕು. ಆ ಕಂಪೆನಿಗಳು ತಮ್ಮ ಅತ್ಯುತ್ತಮ ಚಿತ್ರವನ್ನು ಎಲ್ಲ ಕಂಪ್ಯೂಟರಿಗೂ ಕೊಡುವುದಿಲ್ಲ, ಲಿನಕ್ಸಿಗಂತೂ ಇನ್ನೂ ಜಿಪುಣತನ. ಕಂಪ್ಯೂಟರು ಬೇಕಾದದ್ದು ಸ್ವಂತ ಸಂಗ್ರಹವಿದ್ದವರಿಗೆ.

ಮೇಷ್ಟ್ರ ಸಂಗ್ರಹಕ್ಕೆ ಜಾಗ ಬೇಕಿತ್ತು. ಆ ಪುಟ್ಟ ಪೆಟ್ಟಿಗೆಯೊಳಗೆ ಲ್ಯಾಪ್‌ಟಾಪಿನ ಗಾತ್ರದ ಡಿಸ್ಕಿಗೆ ಒಂದು ಗೂಡು ಖಾಲಿಯಿತ್ತು. ಒಂದು ಟಿಬಿ ಡಿಸ್ಕಿನಲ್ಲಿ 4.7 ಜಿಬಿಯ ಡಿವಿಡಿಗಳು ಇನ್ನೂರರಷ್ಟು ಹಿಡಿಯುತ್ತವೆ. ಬಳಸಿದ್ದು ಅಗ್ಗಕ್ಕಿತ್ತು. ಅಳಿಯ ಅದನ್ನು ಕಂಪ್ಯೂಟರಿಗೆ ಜೋಡಿಸಿ, ಡಿಸ್ಕು ಈವರೆಗೆ ಎಷ್ಟು ಗಂಟೆ ಓಡಿದೆಯೆಂದು ತೋರಿಸುವ ತಂತ್ರಾಂಶದಲ್ಲಿ ನೋಡಿದ: 30 ಸಾವಿರ ಗಂಟೆ ದಾಟಿತ್ತು. ಅಂದರೆ ಮೂರು ವರ್ಷಕ್ಕೂ ಹೆಚ್ಚು ಕಾಲ ಎಡೆಬಿಡದೆ ತಿರುಗಿದ ಡಿಸ್ಕು. ಪ್ರೊಸೆಸರು, ರ‍್ಯಾಮ್ ಹಳೆಯದಾದರೂ ನಡೆದೀತು. ತಿರುಗುವ ಡಿಸ್ಕು ಮಾತ್ರ ಹೊಸದೇ ಆಗಬೇಕು, ಮದುವೆಯ ಚಿತ್ರವನ್ನು ಅದರಲ್ಲಿ ಇಡುವುದಾದರಂತೂ ಇನ್ನೊಂದು ಪ್ರತಿ ಬೇರೆ ಕಡೆಯೂ ಇರಬೇಕು. ಹೊಸದಕ್ಕೆ ನಾಲ್ಕು ಸಾವಿರ ಕೊಟ್ಟರು. ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವಿಗೆ ಒಂದೂವರೆ ಸಾವಿರ. ಟೀವಿಯ ರಿಮೋಟು ಸಾಮಾನ್ಯವಾಗಿ ಕಂಪ್ಯೂಟರಿನ ಮಾತು ಕೇಳಿಸಿಕೊಳ್ಳುವುದಿಲ್ಲವಾದ್ದರಿಂದ, ಬೆರಳಾಡಿಸುವ ಪಟ್ಟಿಯಿರುವ ನಿಸ್ತಂತು ಕೀಲಿಮಣೆಗೆ ಮತ್ತೊಂದೂವರೆ ಸಾವಿರ. ಒಟ್ಟು 19,800. ಸ್ಪೀಕರ್ ಕೊಳ್ಳಲಿಲ್ಲ. ಮನೆಯ ಹಳೆಯ ಆಂಪ್ಲಿಫೈಯರಿಗೆ ಒಂದು ತಂತಿ ಎಳೆದರಾಯಿತು.

ದುಡ್ಡು ಎಣಿಸುವ ಮೊದಲು ಪರೀಕ್ಷೆ. ಕಚೇರಿಯ ಕಂಪ್ಯೂಟರುಗಳಲ್ಲಿ ಹಳೆಯ ಕಂಪೆನಿ ಹಾಕಿದ ಬಯೋಸ್ ಪಾಸ್‌ವರ್ಡ್ ಕೆಲವೊಮ್ಮೆ ಹಾಗೇ ಉಳಿದಿರುತ್ತದೆ. ಆ ಬೀಗ ಮನೆಗೆ ಹೋದ ಮೇಲೆ ಬಿಚ್ಚುವುದು ಸುಲಭವಲ್ಲ. ಚಾರ್ಜರಿನಂತಹ ಅಡಾಪ್ಟರು ಅಸಲಿಯೇ ಎಂದು ನೋಡಬೇಕು. ನಕಲಿಯಾದರೆ ಕೆಲವು ಕಂಪ್ಯೂಟರುಗಳು ಮುನಿಸಿಕೊಂಡು ನಿಧಾನವಾಗುತ್ತವೆ. ಒಂದು 4ಕೆ ಫೈಲು ಹತ್ತು ನಿಮಿಷ ಓಡಿಸಿ ಫ್ಯಾನಿಗೆ ಕಿವಿಗೊಟ್ಟರು. ಆ ಬೀದಿಯ ಗದ್ದಲದಲ್ಲಿ ಏನು ಕೇಳಿಸೀತು? ಅಂಗಡಿಯವರು ಬಾಗಿಲು ಹಾಕಿಸಿದರು.

ಆಮೇಲೆ ಮದುವೆಯ ವಿಸಿಡಿಗಳು. ಎರಡು ಸಲೀಸಾಗಿ ನಕಲಾದವು. ಮೂರನೆಯದು ಅರ್ಧಕ್ಕೆ ನಿಂತಿತು. ಅಂಗಡಿಯವರು ಅದನ್ನು ತೆಗೆದು, ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ತಮ್ಮದೇ ಹಳೆಯ ಡ್ರೈವಿನಲ್ಲಿ ನಿಧಾನ ವೇಗಕ್ಕೆ ಹಾಕಿದರು. ಹೊಸ ಡ್ರೈವು ಬಿಟ್ಟದ್ದನ್ನು ಹಳೆಯದು ಓದಿದ್ದೂ ಉಂಟಂತೆ. ಮುಕ್ಕಾಲು ಗಂಟೆಯ ನಂತರ ಕೊನೆಯ ಐದಾರು ನಿಮಿಷ ಬಿಟ್ಟು ಉಳಿದದ್ದೆಲ್ಲ ಡಿಸ್ಕಿಗೆ ಬಂದಿತ್ತು.

‘ಕೊನೇಲಿ ಏನಿತ್ತು ಸಾರ್?’

‘ಊಟದ ಪಂಕ್ತಿ ಇರಬೇಕು’ ಎಂದರು ಮೇಷ್ಟ್ರು. ‘ಬಿಲ್ ಹಾಕಿ. ಜಿಎಸ್‌ಟಿ ಸೇರಿಸಿಯೇ ಹಾಕಿ, ಡಿಸ್ಕಿನ ವಾರಂಟಿಗೆ ಬೇಕಾಗುತ್ತೆ ಅಂತಾನೆ ಹುಡುಗ.’