ಮೂರು ಸಾವಿರದ ಆಚೆಗೆ



ಕ್ರಿಕೆಟ್ ಆಟಗಾರರ ಓಟಗಳ ಲೆಕ್ಕವನ್ನು ಬಾಯಿಪಾಠ ಒಪ್ಪಿಸುವ ಮಕ್ಕಳು ನಿಮ್ಮ ಮನೆಯಲ್ಲಿಯೂ ಇರಬಹುದು. ಅವರಿಗೆ ಅಮೆರಿಕದ ಬೇಸ್‌ಬಾಲ್ ಆಟದ ಒಂದು ಸಂಖ್ಯೆಯನ್ನೂ ಹೇಳಿಕೊಡಿರಿ: 3,000. ಅದು ರೋಬರ್ಟೊ ಕ್ಲೆಮೆಂಟೆಯವರ ಸಂಖ್ಯೆ.

1934ರಲ್ಲಿ ಕೆರಿಬಿಯನ್ ದ್ವೀಪವಾದ ಪೋರ್ಟೊ ರಿಕೊದಲ್ಲಿ ಕ್ಲೆಮೆಂಟೆ ಜನಿಸಿದರು. ತಂದೆ ಕಬ್ಬಿನ ತೋಟದಲ್ಲಿ ದುಡಿಯುತ್ತಿದ್ದವರು. 1955ರಿಂದ 18 ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕಾಗಿ ಆಡಿದ ಈ ಕಪ್ಪು ವರ್ಣದ ಆಟಗಾರನ ಇಂಗ್ಲಿಷ್ ಉಚ್ಚಾರವನ್ನು ಪತ್ರಿಕೆಗಳು ಇದ್ದಂತೆಯೇ ಅಚ್ಚುಮಾಡಿ ನಗೆಪಾಟಲಿಗೀಡುಮಾಡಿದವು. ಆದರೆ 1971ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಾಗ, ದೂರದರ್ಶನದಲ್ಲಿ ಅವರು ಮೊದಲು ತಮ್ಮ ಸ್ಪ್ಯಾನಿಷ್ ನುಡಿಯಲ್ಲಿಯೇ ಹೆತ್ತವರ ಆಶೀರ್ವಾದವನ್ನು ಬೇಡಿದರು.

ಚೆಂಡನ್ನು ಹೊಡೆದು ಸುರಕ್ಷಿತವಾಗಿ ಮೊದಲ ನೆಲೆ ಮುಟ್ಟಿದರೆ ಅದೊಂದು ‘ಹಿಟ್’. 1972ರ ಸೆಪ್ಟೆಂಬರ್ 30ರಂದು ಕ್ಲೆಮೆಂಟೆಯವರ 3,000ನೆಯ ಹಿಟ್ ದಾಖಲಾಯಿತು. ಅಲ್ಲಿಯವರೆಗೆ ಆ ಎತ್ತರಕ್ಕೇರಿದ್ದವರು ಹತ್ತೇ ಮಂದಿ. ಲೀಗ್ ಪಂದ್ಯಗಳಲ್ಲಿ ಅವರ ಲೆಕ್ಕ ಅಲ್ಲಿಗೇ ನಿಂತಿತು.

ಡಿಸೆಂಬರ್ 23ರಂದು ನಿಕರಾಗುವಾ ದೇಶದ ರಾಜಧಾನಿ ಮನಾಗ್ವಾ ಭೂಕಂಪದಿಂದ ನೆಲಸಮವಾಯಿತು. ಕೆಲವೇ ವಾರಗಳ ಹಿಂದೆ ಯುವ ಆಟಗಾರರ ತಂಡದೊಂದಿಗೆ ಆ ದೇಶದಲ್ಲಿದ್ದ ಕ್ಲೆಮೆಂಟೆ ಕೂಡಲೇ ಆಹಾರ, ಔಷಧಿಗಳನ್ನು ಸಂಗ್ರಹಿಸಿ ಕಳುಹಿಸಿದರು. ಅವು ಸಂತ್ರಸ್ತರ ಕೈಸೇರುತ್ತಿಲ್ಲ, ಅಧಿಕಾರದಲ್ಲಿದ್ದವರ ಪಾಲಾಗುತ್ತಿವೆ ಎಂಬ ಸುದ್ದಿ ಬಂದಿತು. ತಾವೇ ಜೊತೆಗೆ ಹೋಗಿ ತಲುಪಿಸಲು ಅವರು ನಿಶ್ಚಯಿಸಿದರು. ಡಿಸೆಂಬರ್ 31ರ ರಾತ್ರಿ, ಮಿತಿಮೀರಿ ಸರಕು ಹೇರಿದ್ದ ಹಳೆಯ ವಿಮಾನವು ಸಾನ್ ಹುವಾನ್‌ನಿಂದ ಮೇಲೇರಿದ ಸ್ವಲ್ಪ ಹೊತ್ತಿನಲ್ಲೇ ಕಡಲಿಗೆ ಬಿದ್ದಿತು. ಅದರಲ್ಲಿದ್ದ ಐವರೂ ಮಡಿದರು. 38 ವರ್ಷದ ಕ್ಲೆಮೆಂಟೆಯವರ ದೇಹ ಸಿಗಲೇ ಇಲ್ಲ.

ಮನೆಯಲ್ಲಿ ಪತ್ನಿ, ಮೂವರು ಪುಟ್ಟ ಗಂಡುಮಕ್ಕಳು. ಅಂಥವರು ಹೋದದ್ದು ಸರಿಯೇ ಎಂದು ನೀವು ಕೇಳಬಹುದು, ನಾನೂ ಕೇಳಿಕೊಂಡಿದ್ದೇನೆ. ಆ ವಿಮಾನ ಹತ್ತಬಾರದಿತ್ತು ಎಂದು ಇಂದು ಹೇಳುವುದು ಸುಲಭ. ಹೋಗಬಾರದಿತ್ತು ಎನ್ನಲು ಮಾತ್ರ ನನಗೆ ಮನಸ್ಸು ಬಾರದು. ನಾವು ಕಾಣಿಕೆ ಕೊಟ್ಟೊಡನೆ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ಅವರಿಗಾದರೋ, ಹಸಿದವನ ಕೈಗೆ ಅನ್ನ ತಲುಪುವವರೆಗೂ ಕೊಟ್ಟಂತಾಗಿರಲಿಲ್ಲ.

ನಿವೃತ್ತರಾದ ಆಟಗಾರರು ಐದು ವರ್ಷ ಕಾಯಬೇಕೆಂಬ ನಿಯಮವನ್ನು ಬದಿಗಿರಿಸಿ, ಬೇಸ್‌ಬಾಲ್‌ನ ‘ಹಾಲ್ ಆಫ್ ಫೇಮ್’ 1973ರಲ್ಲಿಯೇ ಅವರನ್ನು ಬರಮಾಡಿಕೊಂಡಿತು. ಸಮಾಜಸೇವೆಗೈಯುವ ಆಟಗಾರನಿಗೆ ಪ್ರತಿವರ್ಷ ಅವರ ಹೆಸರಿನ ಪ್ರಶಸ್ತಿ ಸಲ್ಲುತ್ತಿದೆ. ಮಕ್ಕಳಿಗೆ 3,000 ಎಂಬ ಸಂಖ್ಯೆಯನ್ನು ಹೇಳುವಾಗ, ಗುರಿಮುಟ್ಟದ ಆ ಒಂದು ಪಯಣವನ್ನೂ ಮರೆಯದೆ ಹೇಳಿರಿ.