ಮೊಣಕಾಲೂರಿದವರನ್ನು ಎಬ್ಬಿಸಿದ ಮೇಲೆ

ಮೊಣಕಾಲೂರಿ ಪ್ರಾರ್ಥಿಸುತ್ತಿರುವವನನ್ನು ರಟ್ಟೆ ಹಿಡಿದು ಎಬ್ಬಿಸಿದರೆ ಹೇಗಿರುತ್ತದೆ? ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಸೇಂಟ್ ಜಾರ್ಜ್ ಮೆಥಡಿಸ್ಟ್ ಚರ್ಚಿನಲ್ಲಿ 18ನೇ ಶತಮಾನದ ಕೊನೆಗೆ ಇದು ನಡೆಯಿತು. ಪ್ರಾರ್ಥನೆ ಮುಗಿಯುವವರೆಗಾದರೂ ತಾಳಿ ಎಂದು ಅಬ್ಸಲೋಮ್ ಜೋನ್ಸ್ ಕೇಳಿಕೊಂಡರು. ತಾಳಲಿಲ್ಲ. ಪ್ರಾರ್ಥನೆ ಮುಗಿದದ್ದೇ ಕರಿಯರೆಲ್ಲ ಒಟ್ಟಾಗಿ ಹೊರನಡೆದರು. ಇದನ್ನು ಬರೆದಿಟ್ಟವರು ರಿಚರ್ಡ್ ಅಲೆನ್. ಗುಲಾಮನಾಗಿ ಹುಟ್ಟಿ, ದುಡಿದು, ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡ ಮನುಷ್ಯ. ಅವರು 1794ರಲ್ಲಿ ಬೆಥೆಲ್ ಚರ್ಚನ್ನು ಕಟ್ಟಿದರು. 1816ರಲ್ಲಿ ಕರಿಯರದೇ ಆದ ಪಂಥವೊಂದು ಹುಟ್ಟಿತು.

ಕಥೆ ಬರೆಯುವವನಾದ ನನ್ನನ್ನು ಹೆಚ್ಚು ಕಾಡಿದವರು ಅಂದು ಸುತ್ತ ಇದ್ದ ಬಿಳಿಯರು. ಮನೆಗೆ ಹೋಗಿ ಊಟಕ್ಕೆ ಕೂತಾಗ ಅವರು ಏನು ಮಾತಾಡಿಕೊಂಡಿರಬಹುದು? ಬಹುಶಃ ಏನೂ ಇಲ್ಲ.

ಆ ಮೌನಕ್ಕೆ ಆಮೇಲೆ ಧರ್ಮದ ಭಾಷೆಯೂ ದೊರೆಯಿತು. ಗುಲಾಮರ ಒಡೆಯರು ಧರ್ಮಪ್ರಚಾರಕರಾಗಬಹುದೇ ಎಂಬ ಜಗಳದಲ್ಲೇ 1845ರಲ್ಲಿ ದಕ್ಷಿಣದ ಬ್ಯಾಪ್ಟಿಸ್ಟರು ಬೇರೆಯಾದರು. ಅದಕ್ಕೆ ಕ್ಷಮೆ ಕೇಳಿದ್ದು 1995ರಲ್ಲಿ, 150 ವರ್ಷಗಳ ನಂತರ. ತಮ್ಮ ಸಂಸ್ಥಾಪಕರು ನಾಲ್ವರೂ ಸೇರಿ 50ಕ್ಕೂ ಹೆಚ್ಚು ಗುಲಾಮರ ಒಡೆಯರಾಗಿದ್ದರೆಂದು ಅವರ ಲೂಯಿವಿಲ್ ಧರ್ಮಶಾಲೆಯೇ 2018ರಲ್ಲಿ ವರದಿ ಪ್ರಕಟಿಸಿತು. ಮಾತು ಶುರುವಾಯಿತು ಅಂದುಕೊಳ್ಳುವಷ್ಟರಲ್ಲಿ, 2020ರಲ್ಲಿ, ಆರು ಧರ್ಮಶಾಲೆಗಳ ಮುಖ್ಯಸ್ಥರು ಜನಾಂಗಭೇದವನ್ನು ಕಾನೂನು ಮತ್ತು ವ್ಯವಸ್ಥೆಯೊಳಗೆ ಹುಡುಕುವ ಸಿದ್ಧಾಂತವೊಂದು ತಮ್ಮ ನಂಬಿಕೆಗೆ ಹೊಂದದು ಎಂದು ಹೇಳಿಕೆ ಕೊಟ್ಟರು. ಕೆಲವು ಕರಿಯ ಪಾದ್ರಿಗಳು ಅಲ್ಲಿಂದಲೂ ಹೊರನಡೆದರು.

ತೊಡಕು ಇರುವುದು ಇಲ್ಲೇ ಅನ್ನಿಸುತ್ತದೆ. ಪಾಪ ಒಬ್ಬೊಬ್ಬನದು, ಪಶ್ಚಾತ್ತಾಪವೂ ಒಬ್ಬೊಬ್ಬನದು ಎಂದು ನಂಬಿದವನಿಗೆ, 'ನಾನು ಯಾರನ್ನೂ ದ್ವೇಷಿಸಿಲ್ಲವಲ್ಲ' ಎಂಬಲ್ಲಿಗೆ ಲೆಕ್ಕ ಚುಕ್ತಾ ಆಗುತ್ತದೆ. ಯಾವ ಕೇರಿಯಲ್ಲಿ ಯಾರಿಗೆ ಮನೆ ಸಿಕ್ಕಿತು, ಯಾರಿಗೆ ಬ್ಯಾಂಕು ಸಾಲ ಕೊಡಲಿಲ್ಲ ಎಂದು ಕೇಳಿದರೆ ಅದು ರಾಜಕೀಯವಾಗಿಬಿಡುತ್ತದೆ. ಚರ್ಚಿನಲ್ಲಿ ರಾಜಕೀಯ ಬೇಡ!

ಈ ವಿಷಯ ಬಂದಾಗ 1964ರಲ್ಲಿ ಮಾಲ್ಕಂ ಎಕ್ಸ್ ಹಜ್‌ನಿಂದ ಬರೆದ ಪತ್ರವನ್ನು ಹೇಳಿ ಬೀಗುವವರು ನಮ್ಮಲ್ಲಿದ್ದಾರೆ. ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರೇ ಮಗಳ ನಿಕಾಹ್‌ನ ಮಾತು ಬಂದಾಗ ಬಿರಾದರಿ ಕೇಳುವುದನ್ನು ಕಂಡ ನನಗೆ ಹಾಗೆ ಬೀಗಲು ಬರುವುದಿಲ್ಲ.

2015ರ ಜೂನ್ 17ರಂದು ಚಾರ್ಲ್ಸ್‌ಟನ್ನಿನ ಇಮ್ಯಾನುಯೆಲ್ ಚರ್ಚಿನಲ್ಲಿ ಬೈಬಲ್ ಓದುತ್ತಿದ್ದ ಒಂಬತ್ತು ಮಂದಿಯನ್ನು ಬಿಳಿಯ ಯುವಕನೊಬ್ಬ ಗುಂಡಿಟ್ಟು ಕೊಂದ. ಅಲೆನ್ ಕಟ್ಟಿದ ಪಂಥದ್ದೇ ಚರ್ಚು ಅದು. ಬಂದ ಅಪರಿಚಿತನನ್ನು ಅವರು ಜೊತೆಯಲ್ಲಿ ಕೂರಿಸಿಕೊಂಡಿದ್ದರು. ಎರಡೇ ದಿನಕ್ಕೆ, ಸತ್ತವರ ಮನೆಯವರಲ್ಲಿ ಕೆಲವರು ಕೋರ್ಟಿನಲ್ಲಿ ಅವನನ್ನು ಕ್ಷಮಿಸಿದ್ದೇವೆ ಎಂದರು. ದೇಶವೆಲ್ಲ ಆ ಕ್ಷಮೆಯನ್ನು ಕೊಂಡಾಡಿತು. ಕೊಂಡಾಡುವುದರಲ್ಲಿ ಒಂದು ಅನುಕೂಲವೂ ಇತ್ತು, ಮುಂದೆ ಯಾರೂ ಏನೂ ಕೇಳಬೇಕಾಗಿರಲಿಲ್ಲ. ಸತ್ತವರಲ್ಲಿ ಒಬ್ಬರಾದ ಪಾದ್ರಿ ಕ್ಲೆಮೆಂಟಾ ಪಿಂಕ್ನಿ ರಾಜ್ಯದ ಸೆನೆಟರ್ ಕೂಡ. ಅವರ ಶವಪೆಟ್ಟಿಗೆಯನ್ನು ಶಾಸನಸಭೆಯ ಕಟ್ಟಡಕ್ಕೆ ತಂದ ದಿನ, ಗುಲಾಮಗಿರಿ ಉಳಿಸಲು ಹೋರಾಡಿದವರ ಬಾವುಟ ಅದರ ಆವರಣದಲ್ಲಿ ಕಂಬದ ತುದಿಯಲ್ಲೇ ಹಾರುತ್ತಿತ್ತು. ಅದನ್ನು ಇಳಿಸಿದ್ದು ಜುಲೈ 10ರಂದು.