ಡಿಪೋವಿನ ಬಾಗಿಲೂ ಒಂದು ರುಮಾಲೂ

ಊರಿನ ಚರಿತ್ರೆಯನ್ನು ಅರಮನೆಗಳಲ್ಲಿಯೂ ದೇವಾಲಯಗಳಲ್ಲಿಯೂ ಹುಡುಕುವುದು ರೂಢಿ. ರಾತ್ರಿ ಗಾಡಿಗಳನ್ನು ನಿಲ್ಲಿಸಿ, ತೊಳೆದು, ದುರಸ್ತಿಮಾಡಿ, ಮರುದಿನ ಬೆಳಗಾಗುವ ಮುನ್ನ ಹೊರಗೆ ಕಳುಹಿಸುವ ಬಸ್ ಡಿಪೋವನ್ನು ಆ ಉದ್ದೇಶದಿಂದ ನೋಡಹೋಗುವವರು ವಿರಳ. ಆದರೆ ಒಂದು ಊರು ಯಾವುದನ್ನು ಸುಲಭವಾಗಿ ಬಿಟ್ಟುಕೊಟ್ಟಿತು, ಯಾವುದನ್ನು ಬಿಡಲಾರದೆ ಹೆಣಗಿತು ಎಂಬುದನ್ನು ತಿಳಿಯಲು ಅಂತಹ ಸ್ಥಳವೇ ತಕ್ಕುದು. ಬೀಗಗಳಿಗೂ ಮೋಟಾರು ಗಾಡಿಗಳಿಗೂ ಹೆಸರಾದ ವುಲ್ವರ್‌ಹ್ಯಾಂಪ್ಟನ್ ಎಂಬ ಇಂಗ್ಲೆಂಡಿನ ಊರಿನಲ್ಲಿ, ಕ್ಲೀವ್‌ಲೆಂಡ್ ರಸ್ತೆಯ ಡಿಪೋವಿನ ಕಥೆ ಇದಕ್ಕೆ ನಿದರ್ಶನ.

1902ರಲ್ಲಿ ಆ ಊರಿನ ಪುರಸಭೆಯು ವಿದ್ಯುತ್ ಟ್ರಾಂ ಗಾಡಿಗಳನ್ನು ಓಡಿಸತೊಡಗಿದಾಗ ಈ ಡಿಪೋ ಅವುಗಳ ಬೀಡಾಯಿತು. ಬೀದಿಯ ಮೇಲೆ ತಂತಿಗಳನ್ನು ಕಟ್ಟಿದರೆ ಊರಿನ ಅಂದ ಕೆಡುವುದೆಂಬುದು ಸದಸ್ಯರ ಅಳಲು. ಆದುದರಿಂದ ಲೊರೈನ್ ಎಂಬ ವಿಧಾನವನ್ನು ಅವರು ಆರಿಸಿದರು. ಹಳಿಗಳ ನಡುವೆ ನೆಲದಲ್ಲಿ ಲೋಹದ ಬಿಲ್ಲೆಗಳನ್ನು ಹುದುಗಿಸಲಾಗಿತ್ತು. ಗಾಡಿಯ ತಳದ ಅಯಸ್ಕಾಂತವು ಮೇಲೆ ಹಾದಾಗ ಮಾತ್ರ ಆ ಬಿಲ್ಲೆಗಳಿಗೆ ವಿದ್ಯುತ್ತು ಬಂದು ಗಾಡಿಗೆ ಸಲ್ಲುತ್ತಿತ್ತು. ಚಮತ್ಕಾರವೇನೋ ಹೌದು, ಆದರೆ ಹತ್ತೊಂಬತ್ತು ವರ್ಷಗಳಾದ ಮೇಲೆ, 1921ರಲ್ಲಿ, ಅದೇ ಪುರಸಭೆ ಬಿಲ್ಲೆಗಳನ್ನು ಕೈಬಿಟ್ಟು ಬೀದಿಯ ಮೇಲೆ ತಂತಿಗಳನ್ನು ಕಟ್ಟಿಸಿತು. ಊರಿನ ಅಂದ ಎಲ್ಲಿಗೂ ಹೋಗಲಿಲ್ಲ.

ಅಲ್ಲಿಂದ ಮುಂದೆ ಬದಲಾವಣೆಗಳು ಸರಾಗವಾಗಿ ನಡೆದುವು. ವ್ಯವಸ್ಥಾಪಕರಾದ ಚಾರ್ಲ್ಸ್ ಓವೆನ್ ಸಿಲ್ವರ್ಸ್ ಅವರ ಕಾಲದಲ್ಲಿ, 1923ರ ಅಕ್ಟೋಬರಿನಲ್ಲಿ, ಹಳಿಗಳ ಅಗತ್ಯವಿಲ್ಲದ ಟ್ರಾಲಿ ಬಸ್ಸುಗಳು ವೆಡ್ನೆಸ್‌ಫೀಲ್ಡ್ ದಾರಿಯಲ್ಲಿ ಓಡತೊಡಗಿದುವು. 1928ರಲ್ಲಿ ಟ್ರಾಂ ಗಾಡಿಗಳು ನಿಂತುಹೋದುವು. 1967ರ ಮಾರ್ಚ್ 5ರಂದು ಕೊನೆಯ ಟ್ರಾಲಿ ಬಸ್ಸೂ ಓಟವನ್ನು ಮುಗಿಸಿತು. ಮೋಟಾರು ಬಸ್ಸುಗಳು ಮಾತ್ರ ಉಳಿದುವು. ಒಂದೇ ಡಿಪೋ ಹೀಗೆ ಮೂರು ಬಗೆಯ ವಾಹನಗಳಿಗೆ ಆಶ್ರಯವಿತ್ತಿತು.

ಅದೇ ವರ್ಷದ ಆಗಸ್ಟಿನಲ್ಲಿ ಬೇರೊಂದು ಬದಲಾವಣೆ ಬಾಗಿಲಿಗೆ ಬಂದಿತು. ಊರಿನ ಸಾರಿಗೆ ಇಲಾಖೆಯಲ್ಲಿ ಚಾಲಕರಾಗಿದ್ದ ತರ್ಸೆಮ್ ಸಿಂಗ್ ಸಂಧು ಎಂಬ ಪಂಜಾಬಿ ತರುಣರು ಕಾಯಿಲೆಯ ರಜೆ ಮುಗಿಸಿಕೊಂಡು ಕೆಲಸಕ್ಕೆ ಮರಳಿದರು. ಹೋಗುವಾಗ ಇಲ್ಲದ ಗಡ್ಡವಿತ್ತು, ತಲೆಯ ಮೇಲೆ ರುಮಾಲಿತ್ತು. ಇವು ಸಿಖ್ಖ್ ಧರ್ಮದ ಆಚಾರಗಳು. ಇಲಾಖೆಯ ನಿಯಮವಾದರೋ ಮುಖಕ್ಷೌರವನ್ನೂ ಸಮವಸ್ತ್ರದ ಟೋಪಿಯನ್ನೂ ವಿಧಿಸಿತ್ತು. ಸಂಧು ಅವರನ್ನು ಮನೆಗೆ ಹಿಂದಿರುಗಿಸಲಾಯಿತು.

ಇಲ್ಲಿ ಒಂದು ಸೋಜಿಗವಿದೆ. ಆ ಊರಿನ ಬಸ್ಸುಗಳಲ್ಲಿ ಬಹಳಷ್ಟು ಅಲ್ಲಿಯ ಗೈ ಮೋಟಾರ್ಸ್ ಕಾರ್ಖಾನೆಯಲ್ಲಿ ತಯಾರಾದುವು. ಗರಿಗಳ ಶಿರೋಭೂಷಣವನ್ನು ಧರಿಸಿದ ಅಮೆರಿಕದ ಮೂಲನಿವಾಸಿ ನಾಯಕನ ತಲೆಯೇ ಆ ಕಾರ್ಖಾನೆಯ ಲಾಂಛನ. ಯಂತ್ರದ ಮುಂದೆ ಹೆಮ್ಮೆಯಿಂದ ಮೆರೆದ ಅನ್ಯರ ತಲೆಯುಡುಗೆಯು ಚಾಲಕನ ತಲೆಗೆ ಬಂದಾಗ ಅಪರಾಧವಾಯಿತು.

ಹೀಗೊಂದು ವಿವಾದ ಮ್ಯಾಂಚೆಸ್ಟರಿನಲ್ಲಿ 1959ರಲ್ಲಿಯೇ ಹುಟ್ಟಿ 1966ರಲ್ಲಿ ರುಮಾಲಿನ ಪರವಾಗಿ ಮುಗಿದಿತ್ತು. ಆದರೂ ವುಲ್ವರ್‌ಹ್ಯಾಂಪ್ಟನ್ನಿನ ಸಾರಿಗೆ ಸಮಿತಿ ಮಣಿಯಲಿಲ್ಲ. 1968ರ ಫೆಬ್ರವರಿಯಲ್ಲಿ ಸಾವಿರಾರು ಸಿಖ್ಖರು ಊರಿನ ಬೀದಿಗಳಲ್ಲಿ ಮೆರವಣಿಗೆ ನಡೆಸಿದರು. ಎರಡು ಮಹಾಯುದ್ಧಗಳಲ್ಲಿಯೂ ಬ್ರಿಟನ್ನಿನ ಪರವಾಗಿ ಹೋರಾಡಿದ ಸಿಖ್ಖ್ ಯೋಧರು ಧರಿಸಿದ್ದುದು ರುಮಾಲನ್ನೇ. ಯುದ್ಧಭೂಮಿಗೆ ಒಪ್ಪಿದ ಉಡುಗೆ ಬಸ್ಸಿಗೆ ಏಕೆ ಒಪ್ಪದು? ಏಪ್ರಿಲ್ 20ರಂದು ಆ ಊರಿನ ಪಾರ್ಲಿಮೆಂಟ್ ಸದಸ್ಯರಲ್ಲೊಬ್ಬರಾದ ಈನಾಕ್ ಪವೆಲ್ ಅವರು ಬರ್ಮಿಂಗ್‌ಹ್ಯಾಮಿನಲ್ಲಿ ವಲಸೆಗಾರರ ವಿರುದ್ಧ ಮಾಡಿದ ಕುಖ್ಯಾತ ಭಾಷಣದಲ್ಲಿ ಸಿಖ್ಖರ ಈ ಹಠವನ್ನೂ ಎತ್ತಿ ಆಡಿದರು. ಮರುದಿನವೇ ತಮ್ಮ ಪಕ್ಷದ ನಾಯಕಮಂಡಲಿಯಲ್ಲಿ ಸ್ಥಾನವನ್ನು ಕಳೆದುಕೊಂಡರು. ಕಡೆಗೆ ಸೋಹನ್ ಸಿಂಗ್ ಜಾಲಿ ಎಂಬ ಅಕಾಲಿ ಮುಖಂಡರು, ನಿಷೇಧ ತೆರವಾಗದಿದ್ದರೆ ತಮ್ಮ ದೇಹವನ್ನು ಅಗ್ನಿಗರ್ಪಿಸುವೆನೆಂದು ಸಾರಿದರು. ಟೋಪಿಯ ನಿಯಮವೊಂದಕ್ಕೆ ಮನುಷ್ಯಪ್ರಾಣವನ್ನು ತೆರಬೇಕಾಗಿ ಬಂದುದನ್ನು ಕಂಡು ಸಮಿತಿಯು 1969ರ ಏಪ್ರಿಲ್ 9ರಂದು ನಿಷೇಧವನ್ನು ಹಿಂತೆಗೆದುಕೊಂಡಿತು. ಆ ವೇಳೆಗೆ ಇಪ್ಪತ್ತು ತಿಂಗಳುಗಳು ಕಳೆದಿದ್ದುವು.

ಅದೇ ವರ್ಷದ ಅಕ್ಟೋಬರ್ 1ರಂದು ಪುರಸಭೆಯ ಸಾರಿಗೆ ಇಲಾಖೆಯೇ ಇಲ್ಲವಾಯಿತು. ನೆರೆಯೂರುಗಳ ಬಸ್ಸುಗಳೊಡನೆ ವುಲ್ವರ್‌ಹ್ಯಾಂಪ್ಟನ್ನಿನ ಬಸ್ಸುಗಳೂ ವೆಸ್ಟ್ ಮಿಡ್‌ಲ್ಯಾಂಡ್ಸ್ ಸಾರಿಗೆ ಸಂಸ್ಥೆಯಲ್ಲಿ ಸೇರಿಹೋದುವು. ಯಾವ ಸಮವಸ್ತ್ರದ ಮರ್ಯಾದೆಗಾಗಿ ಒಬ್ಬ ದುಡಿಮೆಗಾರನನ್ನು ಬಾಗಿಲಿನಿಂದ ಹಿಂದಿರುಗಿಸಲಾಯಿತೋ, ಆ ಸಮವಸ್ತ್ರವನ್ನು ತೊಡಿಸಿದ ಇಲಾಖೆಯು ಅವನಿಗೆ ಬಾಗಿಲು ತೆರೆದ ಮೇಲೆ ಆರು ತಿಂಗಳೂ ಬದುಕಲಿಲ್ಲ.

ಹೊಸ ಯಂತ್ರ ಬಂದಾಗ ಊರು ಲಾಭನಷ್ಟಗಳನ್ನು ಎಣಿಸಿ ದಾರಿಮಾಡಿಕೊಡುತ್ತದೆ. ಹೊಸ ಮನುಷ್ಯ ಬಂದಾಗ ಅವನ ತಲೆಯ ಮೇಲೇನಿದೆಯೆಂದು ನೋಡುತ್ತದೆ. 1902ರಲ್ಲಿ ತಂತಿ ಕಣ್ಣಿಗೆ ಚುಚ್ಚಿತು, 1967ರಲ್ಲಿ ರುಮಾಲು ಚುಚ್ಚಿತು. ತಂತಿಗೆ ಕಣ್ಣು ಹೊಂದಿಕೊಂಡಿತು, ರುಮಾಲಿಗೂ ಹೊಂದಿಕೊಂಡಿತು. ನಡುವೆ ಕಳೆದ ಆ ಇಪ್ಪತ್ತು ತಿಂಗಳುಗಳನ್ನು ಮಾತ್ರ ಯಾವ ಡಿಪೋವೂ ದುರಸ್ತಿಮಾಡಿ ಹಿಂದಕ್ಕೆ ಕೊಡಲಾರದು.